‘ಇಲ್ಲ’ ಅಂದದ್ದು ಕೇಳಿಸಲಿಲ್ಲ: ಭಾಗ್ಯನಗರದ ಒಂದು ದನಿಗೆ ಕಂಪ್ರೆಸರ್ ಹುಡುಕಿದ ಪ್ರಕರಣ

ಕೊಪ್ಪಳ ರೈಲ್ವೆ ಸ್ಟೇಷನ್ ದಾಟಿದರೆ ಭಾಗ್ಯನಗರ. ಅಲ್ಲಿ ಒಬ್ಬ ನಿವೃತ್ತ ಶಿಕ್ಷಕಿ ಇದ್ದಾರೆ. ನಮ್ಮ ಕಡೆ ಶಾಲೆಯ ಟೀಚರಮ್ಮನಿಗೆ ಅಕ್ಕೋರು ಅನ್ನುತ್ತಾರೆ. ನಾನು ಐದನೇ ಕ್ಲಾಸು ಕಲಿತದ್ದು ಅವರ ಕೈಯಲ್ಲಿ, ಹಾಗಾಗಿ ನನಗೆ ಅವರು ಇವತ್ತಿಗೂ ಅಕ್ಕೋರೇ. ನಾನು ಕೊಪ್ಪಳದಲ್ಲಿ ಸಣ್ಣದೊಂದು ರೆಕಾರ್ಡಿಂಗ್ ರೂಮು ನಡೆಸುತ್ತೇನೆ. ಆಟೋ ಪ್ರಚಾರ, ಜಾತ್ರೆಯ ಪ್ರಕಟಣೆ, ಭಜನೆ ಹಾಡು, ಇಂಥ ಕೆಲಸ.

ಕಳೆದ ಬೇಸಿಗೆಯಲ್ಲಿ ಒಂದು ದಿನ ಅಕ್ಕೋರು ಫೋನ್ ಮಾಡಿದರು.

"ತಮ್ಮಾ, ದನಿ ಏರಿಳಿತ ಸಮ ಮಾಡೋ ಮಷಿನ್ ಐತಂತಲ್ಲ, ಕಂಪ್ರೆಸರ್ ಅಂತ. ಹದಿನೈದು ಸಾವಿರದಾಗ ಛಲೋದು ಒಂದು ಹೇಳಪಾ. ನಮ್ಮ ಹುಡುಗ ಭಾಳ ಒದ್ದಾಡಾಕತ್ತಾನ."

ನಮ್ಮ ಹುಡುಗ ಅಂದರೆ ಅವರ ಹಳೇ ವಿದ್ಯಾರ್ಥಿ. ಅವನಿಗೆ ಕಣ್ಣು ಕಾಣುವುದಿಲ್ಲ. ಡಿಗ್ರಿ ಮುಗಿಸಿ ಶಿಕ್ಷಕರ ನೇಮಕಾತಿ ಪರೀಕ್ಷೆಗೆ ಓದುತ್ತಿದ್ದಾನೆ. ಅವನಿಗಾಗಿ, ಅವನಂಥ ಇನ್ನೂ ನಾಲ್ಕೈದು ಹುಡುಗರಿಗಾಗಿ, ಅಕ್ಕೋರು ಇತಿಹಾಸ, ಅರ್ಥಶಾಸ್ತ್ರ, ಕನ್ನಡ ಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡಿ ಕಳಿಸುತ್ತಾರೆ. ಹೀಗೆ ಓದಿಕೊಡುವುದಕ್ಕೆ ಕಾನೂನಿನ ತೊಡಕೂ ಇಲ್ಲ. 2012ರ ತಿದ್ದುಪಡಿ ಆದ ಮೇಲೆ, ಓದಲಾಗದವರಿಗಾಗಿ ಪುಸ್ತಕವನ್ನು ಅವರಿಗೆ ಬೇಕಾದ ರೂಪಕ್ಕೆ ತರುವುದಕ್ಕೆ ಕಾಪಿರೈಟ್ ಕಾಯ್ದೆಯಲ್ಲೇ ಅವಕಾಶ ಇದೆ. ದುಡ್ಡು ತೆಗೆದುಕೊಳ್ಳದೆ ಮಾಡುತ್ತಿರುವ ಕೆಲಸ ಇದು.

ಹುಡುಗನ ದೂರು ಏನೆಂದರೆ, ಮಾತಿನ ಶುರು ಚೆನ್ನಾಗಿ ಕೇಳುತ್ತದೆ, ಕೊನೆ ಕೇಳುವುದಿಲ್ಲ. ಒಂದು ಅಣಕು ಪರೀಕ್ಷೆಯಲ್ಲಿ ಕೊಪ್ಪಳದ ಗವಿಮಠದ ಶಾಸನದಲ್ಲಿ ಅಶೋಕನ ಹೆಸರಿದೆ ಎಂದು ಉತ್ತರ ಕೊಟ್ಟಿದ್ದ. ತಪ್ಪು. ಹೆಸರು ಇರುವುದು 1915ರಲ್ಲಿ ಸಿಕ್ಕ ಮಸ್ಕಿಯ ಶಾಸನದಲ್ಲಿ. ಗವಿಮಠದ್ದರಲ್ಲಿ ಬಿರುದು ಮಾತ್ರ ಇದೆ. ಯಾಕಪ್ಪಾ ಹೀಗೆ ಬರೆದೆ ಎಂದು ಕೇಳಿದರೆ ಅವನು ಹೇಳಿದ್ದು: "ಅಕ್ಕೋರ, ನೀವೇ ಹಂಗ ಓದೀರಲ್ರಿ."

ಅಕ್ಕೋರು ಆ ಫೈಲು ನನಗೆ ಕಳಿಸಿದರು. ಹೆಡ್‌ಫೋನ್ ಹಾಕಿ ಕೇಳಿದೆ. "ಗವಿಮಠದ ಶಾಸನದಲ್ಲಿ ದೇವಾನಾಂಪ್ರಿಯ ಎಂಬ ಬಿರುದು ಮಾತ್ರ ಇದೆ, ಅಶೋಕ ಎಂಬ ಹೆಸರು ಇಲ್ಲ." ಅವರು ಸರಿಯಾಗಿಯೇ ಓದಿದ್ದರು. ಆದರೆ ‘ಗವಿಮಠದ’ ಅನ್ನುವಾಗ ಕ್ಲಾಸಿನ ಹಿಂದಿನ ಬೆಂಚಿಗೂ ಕೇಳುವ ದನಿ. ‘ಹೆಸರು’ ಅನ್ನುವಷ್ಟರಲ್ಲಿ ಅರ್ಧ ಇಳಿದಿತ್ತು. ‘ಇಲ್ಲ’ ಬರೀ ಉಸಿರು. ಬಸ್ಸಿನಲ್ಲಿ ಕೂತು ಫೋನಲ್ಲಿ ಕೇಳುವ ಹುಡುಗನಿಗೆ ಆ ‘ಇಲ್ಲ’ ಸಿಗಲು ಸಾಧ್ಯವೇ ಇರಲಿಲ್ಲ.

ಕಂಪ್ಯೂಟರಿನಲ್ಲಿ ಆ ಸಾಲಿನ ಅಲೆಯನ್ನು ನೋಡಿದರೆ ಥೇಟ್ ಗೊದಮೊಟ್ಟೆ. ತಲೆ ದಪ್ಪ, ಬಾಲ ಸಣ್ಣ. ಪುಟದ ಪ್ರತಿ ಸಾಲೂ ಹೀಗೇ.

ಇಲ್ಲಿ ಒಂದು ಮಾತು ಹೇಳಲೇಬೇಕು. ಈ ಪ್ರಕರಣದಲ್ಲಿ ಮುಂದೆ ತೆಗೆದುಕೊಂಡ ಎಲ್ಲ ನಿರ್ಧಾರಕ್ಕೂ ಇದೇ ಕಾರಣ. ಕನ್ನಡದಲ್ಲಿ ಕ್ರಿಯಾಪದ ಬರುವುದು ವಾಕ್ಯದ ಕೊನೆಗೆ. ಹೌದೋ ಅಲ್ಲವೋ ಅನ್ನುವುದು ಗೊತ್ತಾಗುವುದೂ ಕೊನೆಗೇ. ಬರುತ್ತದೆ, ಬರುವುದಿಲ್ಲ. ಬೇಕು, ಬೇಡ. ಮಾಡಿದನು, ಮಾಡಲಿಲ್ಲ. ಇಂಗ್ಲಿಷಿನಲ್ಲಿ ‘ನಾಟ್’ ಮಾತಿನ ನಡುವೆಯೇ ಬಂದು ಹೋಗುತ್ತದೆ, ಕೊನೆಯ ಪದ ಸ್ವಲ್ಪ ಇಳಿದರೂ ಅರ್ಥ ಉಳಿಯುತ್ತದೆ. ನಮ್ಮಲ್ಲಿ ಬಾಲ ಹೋದರೆ ಅರ್ಥವೇ ಉಲ್ಟಾ. ದನಿಗೆ ಕಂಪ್ರೆಸರ್ ಹಾಕುವ ಬಗ್ಗೆ ಸಿಗುವ ಸಲಹೆಗಳಲ್ಲಿ ಮಾತು ದಪ್ಪ ಬರಲಿ, ರೇಡಿಯೋ ದನಿಯ ಹಾಗೆ ತುಂಬಿಕೊಂಡು ಬರಲಿ ಅಂತ ಹೇಳುತ್ತಾರೆ. ನನಗೆ ಅದು ಬೇಕಿರಲಿಲ್ಲ. ‘ಇಲ್ಲ’ ಕೇಳಬೇಕಿತ್ತು, ಅಷ್ಟೇ.

ಕಂಪ್ರೆಸರ್ ಮಾಡುವ ಕೆಲಸ

ಅಕ್ಕೋರಿಗೆ ನಾನು ತುಂಗಭದ್ರಾ ಕಾಲುವೆಯ ಹೋಲಿಕೆ ಕೊಟ್ಟು ಹೇಳಿದೆ. ಗಂಗಾವತಿ ಕಡೆ ಕಾಲುವೆ ನೋಡಿದವರಿಗೆ ಬೇಗ ಅರ್ಥವಾಗುತ್ತದೆ. ತೂಬಿನ ಹತ್ತಿರ ಒಬ್ಬ ನಿಂತಿದ್ದಾನೆ. ಗೋಡೆಯ ಮೇಲೆ ಒಂದು ಗುರುತು ಇದೆ. ನೀರು ಗುರುತಿನ ಕೆಳಗಿದ್ದರೆ ಅವನು ಕೈ ಹಾಕುವುದಿಲ್ಲ. ಗುರುತು ದಾಟಿದರೆ ಬಾಗಿಲು ಸ್ವಲ್ಪ ಇಳಿಸುತ್ತಾನೆ. ಆ ಗುರುತೇ ಥ್ರೆಶೋಲ್ಡ್. ಎಷ್ಟು ಇಳಿಸುತ್ತಾನೆ ಅನ್ನುವುದು ರೇಶಿಯೋ. ನೀರು ಏರಿದ ಮೇಲೆ ಎಷ್ಟು ಬೇಗ ಓಡಿ ಬರುತ್ತಾನೆ ಅನ್ನುವುದು ಅಟ್ಯಾಕ್. ನೀರು ಇಳಿದ ಮೇಲೆ ಎಷ್ಟು ಬೇಗ ಬಾಗಿಲು ಮತ್ತೆ ಎತ್ತುತ್ತಾನೆ ಅನ್ನುವುದು ರಿಲೀಸ್. ರೇಶಿಯೋ 3ಕ್ಕೆ 1 ಅಂದರೆ, ಗುರುತಿನ ಮೇಲೆ 3 ಡೆಸಿಬಲ್ ಏರಿದ ದನಿ 1 ಡೆಸಿಬಲ್ ಮಾತ್ರ ಏರಿದಂತೆ ಹೊರಗೆ ಬರುತ್ತದೆ.

ಜಾಸ್ತಿ ಜನ ತಪ್ಪು ತಿಳಿಯುವುದು ಇಲ್ಲೇ. ಕಂಪ್ರೆಸರ್ ಸಣ್ಣ ದನಿಯನ್ನು ಎತ್ತುವುದಿಲ್ಲ. ದೊಡ್ಡ ದನಿಯನ್ನು ಇಳಿಸುತ್ತದೆ. ಆಮೇಲೆ ನಾವು ಒಟ್ಟು ದನಿಯನ್ನು ಮೇಲಕ್ಕೆ ಎತ್ತುತ್ತೇವೆ, ಅದಕ್ಕೆ ಮೇಕಪ್ ಗೇನ್ ಅನ್ನುತ್ತಾರೆ. ಆಗ ‘ಇಲ್ಲ’ ಮೇಲೆ ಬರುತ್ತದೆ. ಅದರ ಜೊತೆಗೇ ಫ್ಯಾನಿನ ಸದ್ದು, ಪಕ್ಕದ ಓಣಿಯ ಮಗ್ಗದ ಸದ್ದು, ಉಸಿರು, ಪುಟ ತಿರುವಿದ ಸದ್ದು, ಎಲ್ಲವೂ ಅಷ್ಟೇ ಮೇಲೆ ಬರುತ್ತವೆ. ಮಷಿನ್ ಎಷ್ಟೇ ದುಬಾರಿಯದಾದರೂ ಇದು ತಪ್ಪುವುದಿಲ್ಲ.

ಬಂದುಬಿಟ್ಟ ಮಷಿನ್

ನಾನು ಮನೆಗೆ ಹೋಗುವಷ್ಟರಲ್ಲಿ ಒಂದು ಮಷಿನ್ ಆಗಲೇ ಬಂದಿತ್ತು. ಅಕ್ಕೋರ ತಂಗಿಯ ಮಗ, ಇಪ್ಪತ್ತರ ಹುಡುಗ, ಸೌಂಡ್ ಸರ್ವಿಸ್ ನಿಲ್ಲಿಸಿದ ಒಬ್ಬರಿಂದ 6,500 ರೂಪಾಯಿಗೆ ಹಳೇ ಎರಡು ಚಾನೆಲ್‌ನ ರ‍್ಯಾಕ್ ಕಂಪ್ರೆಸರ್ ತಂದಿದ್ದ. ದೊಡ್ಡಮ್ಮನಿಗೆ ಸಹಾಯ ಆಗಲಿ ಅನ್ನುವ ಆಸೆ ಅವನದು. ಅದನ್ನು ಎಲ್ಲಿ ಚುಚ್ಚಬೇಕು ಎಂದು ಎರಡು ದಿನ ಹುಡುಕಿ ಕೈಚೆಲ್ಲಿದ್ದ. ಮಾರಿದವರು ವಾಪಸ್ ತೆಗೆದುಕೊಳ್ಳಲು ಒಪ್ಪಲಿಲ್ಲ.

ಅವನ ತಪ್ಪಲ್ಲ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಮೈಕಿನಿಂದ ಬರುವ ಕರೆಂಟು ತೀರಾ ಸಣ್ಣದು, ಮಿಲಿವೋಲ್ಟಿನ ಲೆಕ್ಕ. ರ‍್ಯಾಕ್ ಕಂಪ್ರೆಸರಿಗೆ ಬೇಕಾದದ್ದು ಅದಕ್ಕಿಂತ ಎಷ್ಟೋ ದೊಡ್ಡ ಲೈನ್ ಲೆವೆಲ್. ಹಾಗಾಗಿ ನಡುವೆ ಅದನ್ನು ದೊಡ್ಡದು ಮಾಡುವ ಒಂದು ಮೈಕ್ ಪ್ರೀಆಂಪ್ ಬೇಕು. ಮೈಕ್, ಪ್ರೀಆಂಪ್, ಕಂಪ್ರೆಸರ್, ಆಮೇಲೆ ಕಂಪ್ಯೂಟರ್, ಈ ಸಾಲಿನಲ್ಲೇ ಹೋಗಬೇಕು. ಅಕ್ಕೋರ ಹತ್ತಿರ ಇದ್ದದ್ದು ಸಣ್ಣ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್, ಅಂದರೆ ಮೈಕನ್ನು ಕಂಪ್ಯೂಟರಿಗೆ ಸೇರಿಸುವ ಡಬ್ಬಿ. ಅದರಲ್ಲಿ ಪ್ರೀಆಂಪೂ, ದನಿಯನ್ನು ಅಂಕಿ ಮಾಡುವ ಭಾಗವೂ ಒಂದೇ ಡಬ್ಬಿಯೊಳಗೆ ಒಂದರ ಹಿಂದೆ ಒಂದು ಕೂತಿರುತ್ತವೆ. ನಡುವೆ ಕೈ ಹಾಕಲು ಜಾಗ ಇಲ್ಲ. ಆ ಜಾಗಕ್ಕೆ ಇನ್ಸರ್ಟ್ ಅನ್ನುತ್ತಾರೆ. ಕೆಲವು ಮಾಡೆಲ್‌ಗಳಲ್ಲಿ ಅದು ಇರುತ್ತದೆ. ಬೆಹ್ರಿಂಗರ್ ಯುಎಂಸಿ204ಎಚ್‌ಡಿ ಹಿಂಬದಿಯಲ್ಲಿ ಇನ್ಸರ್ಟ್ ಜ್ಯಾಕ್ ಇದೆ. ಹೊರಗಿನ ಕಂಪ್ರೆಸರ್ ಕೊಳ್ಳುವ ಯೋಚನೆ ಇದ್ದವರು ಮೊದಲು ತಮ್ಮ ಇಂಟರ್‌ಫೇಸಿನ ಹಿಂಬದಿ ನೋಡಬೇಕು. ಅಂಗಡಿಗೆ ಹೋಗುವುದು ಆಮೇಲೆ.

ಒಂದು ಸುತ್ತುದಾರಿ ಇದೆ. ಮೊದಲು ಹಾಗೇ ರೆಕಾರ್ಡ್ ಮಾಡಿ, ಆಮೇಲೆ ಆ ದನಿಯನ್ನು ಇಂಟರ್‌ಫೇಸಿನ ಔಟ್‌ಪುಟ್‌ನಿಂದ ಕಂಪ್ರೆಸರಿಗೆ ಕಳಿಸಿ, ಅಲ್ಲಿಂದ ಮತ್ತೆ ಲೈನ್ ಇನ್‌ಪುಟ್‌ಗೆ ತಂದು ಇನ್ನೊಮ್ಮೆ ರೆಕಾರ್ಡ್ ಮಾಡುವುದು. ಅದನ್ನೂ ಮಾಡಿ ನೋಡಿದೆ. ಒಂದು ಗಂಟೆಯ ಪಾಠಕ್ಕೆ ಮತ್ತೊಂದು ಗಂಟೆ ಹಿಡಿಯಿತು. ಮೇಲಾಗಿ ಕರೆಂಟಿನ ಗುಂಯ್ ಸದ್ದು ಸೇರಿಕೊಂಡಿತು. ಎರಡು ಸಂಜೆ ಕೇಬಲ್ ಬದಲಿಸಿ, ಅರ್ಥಿಂಗ್ ನೋಡಿ, ಕೊನೆಗೆ ಕೈಬಿಟ್ಟೆ.

ಹಾಗಾದರೆ ಮೈಕ್ ಪ್ರೀಆಂಪೂ ಸೇರಿರುವ ಒಂದೇ ಡಬ್ಬಿ ತಂದರೆ? ಡಿಬಿಎಕ್ಸ್ 286ಎಸ್ ಅಂಥದ್ದು. ಮೈಕನ್ನು ನೇರ ಚುಚ್ಚಬಹುದು, ಕೆಲವು ಮೈಕಿಗೆ ಬೇಕಾಗುವ 48 ವೋಲ್ಟ್ ಫ್ಯಾಂಟಮ್ ಪವರ್ ಇದೆ, ಒಳಗೇ ಕಂಪ್ರೆಸರ್, ‘ಸ’ಕಾರ ತಗ್ಗಿಸುವ ಡಿ-ಎಸ್ಸರ್, ಗೇಟ್ ಎಲ್ಲ ಇವೆ. ಕಂಪ್ರೆಸರಿಗೆ ಡ್ರೈವ್, ಡೆನ್ಸಿಟಿ ಎಂದು ಎರಡೇ ತಿರುಗಣೆ. ಕಂಪ್ಯೂಟರ್ ಒಗ್ಗದ ಅಕ್ಕೋರಿಗೆ ಇದು ಸುಲಭ ಅಂತ ನನಗೂ ಅನ್ನಿಸಿತ್ತು. ದಿನಾ ನೇರ ಪ್ರಸಾರ ಮಾಡುವವರಿಗೆ, ರೆಕಾರ್ಡ್ ಆದ ಕೂಡಲೇ ಫೈಲು ಕಳಿಸಬೇಕಾದವರಿಗೆ ನಾನು ಇವತ್ತಿಗೂ ಇದನ್ನೇ ಹೇಳುತ್ತೇನೆ. ಅಕ್ಕೋರಿಗೆ ಬೇಡ ಅಂದದ್ದಕ್ಕೆ ಬೆಲೆ ಒಂದು ಕಾರಣ, ಆದರೆ ದೊಡ್ಡ ಕಾರಣ ಬೇರೆ. ಹೊರಗಿನ ಮಷಿನ್ ಒಳಗೆ ಹೋಗುವ ದನಿಯನ್ನೇ ಬದಲಿಸುತ್ತದೆ. ತಿರುಗಣೆ ಒಂದು ಕೂದಲೆಳೆ ಜಾಸ್ತಿ ಆದರೂ ಆ ದಿನದ ಪಾಠ ಹಾಗೇ ಉಳಿಯಿತು, ಬಿಡಿಸಲು ಬರುವುದಿಲ್ಲ. ಎಪ್ಪತ್ತರ ಹತ್ತಿರದ ಹೆಣ್ಣುಮಗಳು ಒಂದು ಗಂಟೆ ಓದಿದ್ದನ್ನು ಮತ್ತೆ ಓದಿರಿ ಎಂದು ಹೇಳುವ ಸ್ಥಿತಿ ನನಗೆ ಬೇಡವಾಗಿತ್ತು.

ಟೇಪಿನ ಕಾಲದಲ್ಲಿ ಒಳಗೆ ಹೋಗುವಾಗಲೇ ಕಂಪ್ರೆಸ್ ಮಾಡುವುದಕ್ಕೆ ಅರ್ಥ ಇತ್ತು. ದನಿ ಇಳಿದರೆ ಟೇಪಿನ ಸುಯ್ ಸದ್ದಿನಲ್ಲಿ ಮುಳುಗುತ್ತಿತ್ತು, ಏರಿದರೆ ಒಡೆಯುತ್ತಿತ್ತು. 1960ರ ದಶಕದ ಎಲ್‌ಎ-2ಎ, 1176 ಮಷಿನ್‌ಗಳ ಹೆಸರು ಇವತ್ತಿಗೂ ಓಡುತ್ತಿರುವುದು ಆ ಕಾಲದ ಕೆಲಸದಿಂದ. ಎಲ್‌ಎ-2ಎ ಒಳಗೆ ದನಿ ಏರಿದಂತೆ ಒಂದು ಬೆಳಕು ಏರುತ್ತದೆ, ಆ ಬೆಳಕು ಬಿದ್ದ ಭಾಗ ದನಿಯನ್ನು ತಗ್ಗಿಸುತ್ತದೆ. ನಿಧಾನ, ಮೆತ್ತಗೆ. 1176 ಅದಕ್ಕೆ ತದ್ವಿರುದ್ಧ, ಸೆಕೆಂಡಿನ ಹತ್ತು ಲಕ್ಷದ 20 ಪಾಲಿನಷ್ಟರಲ್ಲಿ ಹಿಡಿದುಬಿಡುತ್ತದೆ. ಆದರೆ ಈಗಿನ 24 ಬಿಟ್ ರೆಕಾರ್ಡಿಂಗ್‌ನಲ್ಲಿ ದನಿಯ ತುದಿ ಮೈನಸ್ 10, ಮೈನಸ್ 12 ಡೆಸಿಬಲ್ ಹತ್ತಿರ ಬರುವಂತೆ ಆರಾಮಾಗಿ ಇಟ್ಟುಕೊಂಡರೆ ಸಾಕು. ಕಂಪ್ಯೂಟರಿನ ಲೆಕ್ಕದಲ್ಲಿ ಸೊನ್ನೆ ಅಂದರೆ ದನಿ ಒಡೆಯುವ ಗಡಿ, ಮೈನಸ್ ಅಂಕಿ ದೊಡ್ಡದಾದಷ್ಟೂ ದನಿ ಸಣ್ಣದು. ಒಡೆಯುವ ಭಯವಿಲ್ಲ, ಸುಯ್ ಸದ್ದೂ ಇಲ್ಲ. ಕಂಪ್ರೆಸರನ್ನು ಆಮೇಲೆ, ಸಮಾಧಾನದಿಂದ, ಸಾಫ್ಟ್‌ವೇರಿನಲ್ಲಿ ಹಾಕಬಹುದು. ಸರಿಬರದಿದ್ದರೆ ತೆಗೆಯಬಹುದು.

ಗೇಟ್ ಬೇಡ ಅಂದದ್ದು ಯಾಕೆ

ತಂಗಿಯ ಮಗ ಕೇಳಿದ: "ಅಣ್ಣಾ, ಫ್ಯಾನಿನ ಸದ್ದಿಗೆ ನಾಯ್ಸ್ ಗೇಟ್ ಹಾಕಿದ್ರ ಆತಲ್ಲ?"

ಗೇಟ್ ಅಂದರೆ ಒಂದು ಮಟ್ಟಕ್ಕಿಂತ ಕೆಳಗಿನ ದನಿ ಬಂದರೆ ಬಾಗಿಲು ಮುಚ್ಚುವುದು. ಮಾತಿನ ನಡುವಿನ ಖಾಲಿ ಜಾಗದಲ್ಲಿ ಸದ್ದು ಹೋಗುತ್ತದೆ ನಿಜ. ಆದರೆ ಕನ್ನಡದ ಪದ ಮುಗಿಯುವುದು ಹೆಚ್ಚಾಗಿ ಸ್ವರದಲ್ಲಿ. ಇಲ್ಲ, ಅಲ್ಲ, ಇದೆ, ಬೇಡ. ಕೊನೆಯ ಆ ‘ಅ’ ಅಥವಾ ‘ಎ’ ನಿಧಾನಕ್ಕೆ ಕರಗುತ್ತಾ ಹೋಗುತ್ತದೆ. ಗೇಟ್ ಕತ್ತರಿಸುವುದು ಮೊದಲು ಅದನ್ನೇ. ಹಾಕಿ ತೋರಿಸಿದೆ. ‘ಹೆಸರು ಇಲ್ಲ’ ಹೋಗಿ ‘ಹೆಸರು ಇಲ್’ ಆಯಿತು, ಇನ್ನೊಂದು ಸಾಲಿನಲ್ಲಿ ‘ಇಲ್ಲ’ ಪೂರ್ತಿ ಮಾಯ. ಯಾವ ಪದ ಉಳಿಸಲು ಹೊರಟಿದ್ದೆವೋ ಅದನ್ನೇ ಕಳೆದುಕೊಂಡ ಹಾಗೆ. ಹುಡುಗ ಮರುಮಾತಾಡದೆ ಗೇಟ್ ತೆಗೆದ.

ಮೈಕಿನ ಮುಂದೆ ಕೂತ ಅಕ್ಕೋರು

ಸಾಫ್ಟ್‌ವೇರ್ ತೆರೆಯುವ ಮೊದಲು ಒಂದು ಮಧ್ಯಾಹ್ನ ಸುಮ್ನೆ ಅವರ ಎದುರು ಕೂತು ಓದುವುದನ್ನು ನೋಡಿದೆ. ನನ್ನ ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಟ್ಟ ಗಂಟೆ ಅದು.

ಪುಸ್ತಕ ಮೇಜಿನ ಮೇಲೆ ಚಪ್ಪಟೆಯಾಗಿ ಬಿದ್ದಿತ್ತು. ಅಕ್ಕೋರು ಸಾಲಿನ ಶುರುವಿನಲ್ಲಿ ತಲೆ ಎತ್ತುತ್ತಾರೆ. ಎದುರಿಗೆ ಕ್ಲಾಸು ಇದೆ ಅನ್ನುವ ಹಾಗೆ. ನಲವತ್ತು ವರ್ಷದ ರೂಢಿ ಅದು. ಓದುತ್ತಾ ಹೋದ ಹಾಗೆ ಕಣ್ಣು ಪುಟದ ಮೇಲೆ ಜಾರುತ್ತದೆ, ಗದ್ದ ಎದೆಯ ಕಡೆ ಇಳಿಯುತ್ತದೆ. ಪೂರ್ಣವಿರಾಮ ಬರುವಷ್ಟರಲ್ಲಿ ಬಾಯಿ ಮೇಜಿನ ಕಡೆ, ಮೈಕು ಹಣೆಯ ಕಡೆ. ಪುಟದ ಕೆಳಗಿನ ಅರ್ಧದಲ್ಲಿ ಇದು ಇನ್ನೂ ಜಾಸ್ತಿ. ಬಾಯಿಗೂ ಮೈಕಿಗೂ ಒಂದು ಗೇಣು ಇದ್ದ ದೂರ ಕೊನೆಗೆ ಎರಡು ಗೇಣು ಆಗುತ್ತಿತ್ತು. ದೂರ ಎರಡು ಪಟ್ಟಾದರೆ ದನಿ 6 ಡೆಸಿಬಲ್ ಇಳಿಯುತ್ತದೆ. ಅಂದರೆ ಅವರ ಗಂಟಲು ಇಳಿಸಿದ್ದರ ಮೇಲೆ ಗದ್ದ ಇಳಿಸಿದ್ದು ಬೇರೆ.

"ಅಕ್ಕೋರೆ, ಮನ್ಯಾಗ ವ್ಯಾಸಪೀಠ ಐತೇನ್ರಿ?" ಎಂದು ಕೇಳಿದೆ.

ಅವರ ಅತ್ತೆ ಪುರಾಣ ಓದುತ್ತಿದ್ದ ಮರದ ವ್ಯಾಸಪೀಠ ಅಟ್ಟದ ಮೇಲಿತ್ತು. ಒರೆಸಿ ತಂದರು. ಕೆಳಗೆ ಎರಡು ದಪ್ಪ ಡಿಕ್ಷನರಿ ಇಟ್ಟು ಪುಸ್ತಕ ಅವರ ಕಣ್ಣಿನ ಮಟ್ಟಕ್ಕೆ ಬರುವಂತೆ ಎತ್ತರಿಸಿದೆವು. ಮೈಕನ್ನು ಪುಸ್ತಕದ ಎಡ ಅಂಚಿಗೆ, ಬಾಯಿಯ ಓರೆಗೆ, ಒಂದು ಗೇಣು ದೂರ ಇಟ್ಟೆವು. ನೇರ ಎದುರಿಗೆ ಇಟ್ಟರೆ ‘ಪ’, ‘ಭ’ ಅಕ್ಷರಗಳ ಗಾಳಿ ಮೈಕಿಗೆ ಹೊಡೆಯುತ್ತದೆ. ಮೇಜಿಗೆ ಒಂದು ಕೌದಿ ಹಾಸಿದೆವು. ಅವರ ಬೆನ್ನ ಹಿಂದೆ ಹಗ್ಗ ಕಟ್ಟಿ ಇನ್ನೆರಡು ಕೌದಿ ಇಳಿಬಿಟ್ಟೆವು. ಹಳೇ ಸೀರೆಗಳನ್ನು ಪದರ ಪದರ ಹೊಲಿದ ದಪ್ಪ ಕೌದಿ ದನಿಯ ಮರುದನಿಯನ್ನು ಚೆನ್ನಾಗಿ ಹೀರುತ್ತದೆ. ನನ್ನ ರೆಕಾರ್ಡಿಂಗ್ ರೂಮಿನಲ್ಲೂ ಮೊದಲ ಮೂರು ವರ್ಷ ಕೌದಿಯೇ ಇತ್ತು.

ಫ್ಯಾನ್ ವಿಷಯ ಕಷ್ಟದ್ದು. ನಮ್ಮ ಕಡೆಯ ಮೇ ತಿಂಗಳಲ್ಲಿ ಫ್ಯಾನ್ ಇಲ್ಲದೆ ಒಂದು ಗಂಟೆ ಕೂತು ಓದಿರಿ ಎಂದು ಯಾರಿಗೂ ಹೇಳುವ ಹಾಗಿಲ್ಲ. ಅಕ್ಕೋರೇ ದಾರಿ ಹುಡುಕಿದರು. ಬೆಳಿಗ್ಗೆ ಐದಕ್ಕೆ ಏಳುವುದು ಹೇಗೂ ರೂಢಿ. ಆಗ ತಂಪು, ಮಗ್ಗಗಳೂ ಶುರುವಾಗಿರುವುದಿಲ್ಲ. ಹದಿನೈದು ನಿಮಿಷ ಫ್ಯಾನ್ ಆರಿಸಿ ಓದುವುದು, ಐದು ನಿಮಿಷ ಹಾಕಿಕೊಂಡು ನೀರು ಕುಡಿಯುವುದು. ರೈಲು ಬಂದರೆ ನಿಲ್ಲಿಸಿ, ಹೋದ ಮೇಲೆ ಆ ವಾಕ್ಯ ಮೊದಲಿಂದ ಓದುವುದು.

ಲೆಕ್ಕ ನೋಡಿ. ಮೊದಲ ರೆಕಾರ್ಡಿಂಗ್‌ನಲ್ಲಿ ವಾಕ್ಯದ ಶುರು ಸುಮಾರು ಮೈನಸ್ 8 ಡೆಸಿಬಲ್, ಕೊನೆ ಮೈನಸ್ 26. ನಡುವೆ 18ರ ಅಂತರ. ಫ್ಯಾನಿನ ಸದ್ದು ಮೈನಸ್ 48. ಅದನ್ನು ಕಂಪ್ರೆಸರ್ ಒಂದರಿಂದಲೇ ಸರಿ ಮಾಡಿ ಅಂತರವನ್ನು 5ಕ್ಕೆ ತರಬೇಕಾದರೆ ಥ್ರೆಶೋಲ್ಡ್ ಮೈನಸ್ 26ಕ್ಕೆ ಇಟ್ಟು, ರೇಶಿಯೋ 3.6ಕ್ಕೆ 1 ಮಾಡಬೇಕು. ದೊಡ್ಡ ದನಿ 13 ಡೆಸಿಬಲ್ ಕುಸಿಯುತ್ತದೆ. ಆಮೇಲೆ 11 ಡೆಸಿಬಲ್ ಎತ್ತಿದರೆ ಫ್ಯಾನು ಮೈನಸ್ 37ಕ್ಕೆ ಬಂದು ಕೂರುತ್ತದೆ. ಅದು ಪಾಠದ ಹಿಂದೆ ಗಿರಣಿ ಓಡಿದ ಹಾಗೆ ಕೇಳುತ್ತದೆ.

ವ್ಯಾಸಪೀಠ, ಕೌದಿ, ಬೆಳಗಿನ ಐದು ಗಂಟೆ, ಇವು ಮೂರೂ ಸೇರಿದ ಮೇಲೆ ಶುರು ಮೈನಸ್ 10, ಕೊನೆ ಮೈನಸ್ 21, ರೂಮಿನ ಸದ್ದು ಮೈನಸ್ 62. ಅಂತರ 11ಕ್ಕೆ ಇಳಿದಿತ್ತು. ಇದಕ್ಕೆ ಒಂದು ರೂಪಾಯಿಯೂ ಖರ್ಚಾಗಿರಲಿಲ್ಲ. ಈಗ ಥ್ರೆಶೋಲ್ಡ್ ಮೈನಸ್ 20, ರೇಶಿಯೋ 2.5ಕ್ಕೆ 1 ಸಾಕು. ಮೈನಸ್ 10 ಇದ್ದದ್ದು ಮೈನಸ್ 16 ಆಗುತ್ತದೆ, ಮೈನಸ್ 21ನ್ನು ಕಂಪ್ರೆಸರ್ ಮುಟ್ಟುವುದೇ ಇಲ್ಲ. ಒಟ್ಟು 6 ಡೆಸಿಬಲ್ ಎತ್ತಿದರೆ ಶುರು ಮೈನಸ್ 10, ಕೊನೆ ಮೈನಸ್ 15, ರೂಮಿನ ಸದ್ದು ಮೈನಸ್ 56. ಅಂತರ ಅದೇ 5, ಆದರೆ ಹಿಂದಿನ ಸದ್ದಿನಲ್ಲಿ 19 ಡೆಸಿಬಲ್‌ನ ಫರಕು. ಇಷ್ಟು ಫರಕು ಬೆಲೆಬಾಳುವ ಯಾವ ಕಂಪ್ರೆಸರಿನಿಂದಲೂ ಬರುವುದಿಲ್ಲ.

ಯಾವ ಸಾಫ್ಟ್‌ವೇರ್

ರೆಕಾರ್ಡಿಂಗ್ ಆಗಲೇ ಆಡಾಸಿಟಿಯಲ್ಲಿ ನಡೆಯುತ್ತಿತ್ತು. ಪುಕ್ಕಟೆ ಸಿಗುವ ಸಾಫ್ಟ್‌ವೇರ್ ಅದು. 2024ರಲ್ಲಿ ಬಂದ ಅದರ 3.6ನೇ ಆವೃತ್ತಿಯಲ್ಲಿ ಕಂಪ್ರೆಸರನ್ನು ಹೊಸದಾಗಿ ಮಾಡಿದ್ದಾರೆ, ಚೆನ್ನಾಗಿದೆ. ಟಿಡಿಆರ್ ಕೊಟೆಲ್ನಿಕೋವ್ ಅನ್ನುವ ಪುಕ್ಕಟೆ ಪ್ಲಗಿನ್ನೂ (ಸಾಫ್ಟ್‌ವೇರಿನ ಒಳಗೆ ಸೇರಿಸಿಕೊಳ್ಳುವ ಸಣ್ಣ ಸಾಫ್ಟ್‌ವೇರ್) ಇದೆ, ದನಿಯ ಬಣ್ಣ ಕೆಡಿಸದೆ ತುಂಬಾ ನಯವಾಗಿ ಕೆಲಸ ಮಾಡುತ್ತದೆ, ಆದರೆ ಹೊಸಬರಿಗೆ ಅದರ ತಿರುಗಣೆಗಳು ಜಾಸ್ತಿ. ನಾನು ಆರಿಸಿದ್ದು ರಿಯಾಕಂಪ್. ರೀಪರ್ ಸಾಫ್ಟ್‌ವೇರ್ ಮಾಡಿದವರು ವಿಂಡೋಸ್‌ಗೆಂದು ಪುಕ್ಕಟೆ ಕೊಡುವ ರಿಯಾಪ್ಲಗ್ಸ್ ಗುಂಪಿನಲ್ಲಿ ಅದು ಸಿಗುತ್ತದೆ, ಆಡಾಸಿಟಿಯ ಒಳಗೇ ಕೂರುತ್ತದೆ. ನೋಡಲು ಚಂದ ಏನಿಲ್ಲ. ಆದರೆ ನನಗೆ ಬೇಕಾದ ಒಂದು ಸೌಲಭ್ಯ ಅದರಲ್ಲಿದೆ: ಕಂಪ್ರೆಸರ್ ದನಿಯ ಮಟ್ಟ ಅಳೆಯುವಾಗ ತಗ್ಗಿನ ಗುಡುಗುಡು ಸದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಮಾಡಬಹುದು. ಅದನ್ನು 100 ಹರ್ಟ್ಜ್‌ಗೆ ಇಟ್ಟೆ. ಇಲ್ಲದಿದ್ದರೆ ‘ಭಾರತ’ ಅಂದಾಗ ‘ಭ’ದ ಗಾಳಿಗೇ ಕಂಪ್ರೆಸರ್ ಬೆದರಿ ಇಡೀ ಪದ ತಗ್ಗಿಸಿಬಿಡುತ್ತದೆ.

ಅಟ್ಯಾಕ್ 12 ಮಿಲಿಸೆಕೆಂಡ್ ಇಟ್ಟೆ. 1ಕ್ಕೆ ಇಳಿಸಿದಾಗ ‘ಟ’, ‘ಕ’, ‘ಡ’ ಅಕ್ಷರಗಳ ಅಂಚು ಮೊಂಡಾಗುತ್ತಿತ್ತು, ಅಕ್ಕೋರ ದನಿ ಬಟ್ಟೆ ಮುಚ್ಚಿಕೊಂಡು ಮಾತಾಡಿದ ಹಾಗೆ ಇತ್ತು.

ಹೆಚ್ಚು ಹೊತ್ತು ಹಿಡಿದದ್ದು ರಿಲೀಸ್. ‘ಹೆಸರು’ ಅನ್ನುವುದರಿಂದ ‘ಇಲ್ಲ’ ಅನ್ನುವವರೆಗೆ ಅರ್ಧ ಸೆಕೆಂಡೂ ಆಗುವುದಿಲ್ಲ. ರಿಲೀಸ್ 800 ಮಿಲಿಸೆಕೆಂಡ್ ಇದ್ದರೆ, ‘ಅಶೋಕ’ ಎಂಬ ಗಟ್ಟಿ ಪದಕ್ಕೆ ಇಳಿಸಿದ ಬಾಗಿಲನ್ನು ‘ಇಲ್ಲ’ ಬರುವಷ್ಟರಲ್ಲಿ ಪೂರ್ತಿ ಎತ್ತಿರುವುದಿಲ್ಲ. ಕಂಪ್ರೆಸರ್ ಹಾಕಿಯೂ ‘ಇಲ್ಲ’ ತಗ್ಗಿಯೇ ಉಳಿಯುತ್ತದೆ. ತೀರಾ ಕಡಿಮೆ, 40ಕ್ಕೆ ಇಳಿಸಿದರೆ, ಎರಡು ಪದಗಳ ನಡುವಿನ ಉಸಿರೆಲ್ಲ ಎದ್ದು ಬರುತ್ತದೆ. 120ರಲ್ಲಿ ನಿಂತೆ.

ಕೇಳುವವನ ಕಿವಿ

ಇಷ್ಟಾದ ಮೇಲೂ ನನ್ನ ಹೆಡ್‌ಫೋನಿನಲ್ಲಿ ಚೆನ್ನಾಗಿ ಕೇಳಿತು ಅಂದರೆ ಸಾಲದು. ಮೂರು ಫೈಲು ಮಾಡಿದೆ. ಒಂದು, ಹೊಸ ಜಾಗದಲ್ಲಿ ಓದಿದ್ದು, ಕಂಪ್ರೆಸರ್ ಇಲ್ಲದೆ. ಎರಡು, ರೇಶಿಯೋ 6ಕ್ಕೆ 1 ಇಟ್ಟು, ರಿಲೀಸ್ 40 ಮಾಡಿ ಗಟ್ಟಿಯಾಗಿ ಒತ್ತಿದ್ದು. ಮೂರು, ನಾನು ಮೇಲೆ ಹೇಳಿದ ಹದದ್ದು. ಮೂರನ್ನೂ ಆಡಾಸಿಟಿಯ ಲೌಡ್‌ನೆಸ್ ನಾರ್ಮಲೈಸೇಷನ್ ಬಳಸಿ ಮೈನಸ್ 19 ಎಲ್‌ಯುಎಫ್‌ಎಸ್‌ಗೆ ಸಮ ಮಾಡಿದೆ. ಒಟ್ಟು ದನಿ ಕಿವಿಗೆ ಎಷ್ಟು ಜೋರು ಅನ್ನಿಸುತ್ತದೆ ಎಂದು ಅಳೆಯುವ ಮಾನ ಅದು. ಇದು ಮಾಡಲೇಬೇಕಾದ ಕೆಲಸ. ಮಾಡದಿದ್ದರೆ ಯಾವುದು ಜೋರಾಗಿದೆಯೋ ಅದೇ ಚೆನ್ನಾಗಿದೆ ಅಂತ ಕಿವಿ ಹೇಳಿಬಿಡುತ್ತದೆ. ಪ್ರತಿ ಫೈಲಿನಲ್ಲೂ ‘ಇದೆ’ ಅಥವಾ ‘ಇಲ್ಲ’ ಎಂದು ಮುಗಿಯುವ ಹನ್ನೆರಡು ವಾಕ್ಯ, ಪ್ರತಿಯೊಂದರಲ್ಲಿ ಬೇರೆ ಬೇರೆ. ಯಾವುದು ಯಾವುದೆಂದು ಪರೀಕ್ಷೆಗೆ ಓದುವ ಹುಡುಗನಿಗೆ ಹೇಳಲಿಲ್ಲ. ಕೊಪ್ಪಳದಿಂದ ಗಂಗಾವತಿಗೆ ಹೋಗುವ ಬಸ್ಸಿನಲ್ಲಿ ಅವನು ಕೇಳಿ, ಪ್ರತಿ ವಾಕ್ಯಕ್ಕೂ ಇದೆಯೋ ಇಲ್ಲವೋ ಎಂದು ಹೇಳಬೇಕು.

ಬಸ್ಸಿನಲ್ಲಿ ಅವನ ಪಕ್ಕ ಕೂತಾಗ ನನಗೆ ಗೊತ್ತಿಲ್ಲದ ಒಂದು ಸಂಗತಿ ಗೊತ್ತಾಯಿತು. ಅವನು ಪಾಠ ಕೇಳುವುದು ಒಂದೂವರೆ ಪಟ್ಟು ವೇಗದಲ್ಲಿ! ಕೇಳಿಯೇ ಓದುವವರಿಗೆ ಅದು ರೂಢಿಯಂತೆ, ಇಲ್ಲದಿದ್ದರೆ ಸಿಲಬಸ್ ಮುಗಿಯುವುದಿಲ್ಲ. ವೇಗ ಏರಿದರೆ ಕಂಪ್ರೆಸರಿನ ಕಾಲವೂ ಕುಗ್ಗುತ್ತದೆ. ನನ್ನ 120 ಮಿಲಿಸೆಕೆಂಡ್ ಅವನ ಕಿವಿಗೆ 80. ಎರಡನೇ ಫೈಲಿನ 40 ಅವನಿಗೆ 27 ಕೂಡ ಇಲ್ಲ.

ಮೊದಲ ಫೈಲಿನಲ್ಲಿ ಅವನಿಗೆ ನಾಲ್ಕು ವಾಕ್ಯದ ಕೊನೆ ತಪ್ಪಿತು. ಎರಡನೆಯದರಲ್ಲಿ ಒಂದೂ ತಪ್ಪಲಿಲ್ಲ. ಆದರೆ ಇಯರ್‌ಫೋನ್ ತೆಗೆದು ಕಿವಿ ಉಜ್ಜಿಕೊಂಡ. "ಅಣ್ಣಾರ, ಇದು ಕೇಳತೈತ್ರಿ, ಆದ್ರ ಅಕ್ಕೋರು ಉಸುರು ಬಿಡೋದಾ ಜಾಸ್ತಿ ಕೇಳತೈತಿ. ಓಡಿ ಬಂದು ಓದಿದಂಗ. ಒಂದು ತಾಸು ಕೇಳಾಕ ಆಗಂಗಿಲ್ರಿ." ಮೂರನೆಯದರಲ್ಲಿ ಒಂದು ತಪ್ಪಿತು, ಆಗ ಡ್ರೈವರ್ ಹಾರ್ನ್ ಹೊಡೆದಿದ್ದರು. ಅದನ್ನೇ ಮತ್ತೊಮ್ಮೆ ಹಾಕಿಕೊಂಡು ಕೇಳಿದ. ಶಾಸನದ ವಾಕ್ಯ ಬಂದಾಗ "ಇಲ್ಲ" ಎಂದು ಜೋರಾಗಿಯೇ ಹೇಳಿದ. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದರು.

ಮೂರನೆಯದೇ ಗಟ್ಟಿಯಾಯಿತು.

ಈಗ ನಡೆಯುತ್ತಿರುವುದು

ಅಕ್ಕೋರು ಓದುತ್ತಾರೆ, ತಂಗಿಯ ಮಗ ಸಂಜೆ ಕೂತು ಫೈಲು ತಯಾರು ಮಾಡುತ್ತಾನೆ. ಮೊದಲು 80 ಹರ್ಟ್ಜ್ ಕೆಳಗಿನದ್ದನ್ನು ತೆಗೆಯುತ್ತಾನೆ. ಆಮೇಲೆ ಒಮ್ಮೆ ಪೂರ್ತಿ ಕೇಳಿ, ತೀರಾ ಇಳಿದುಹೋದ ವಾಕ್ಯದ ಬಾಲಗಳನ್ನು ಎನ್ವೆಲಪ್ ಟೂಲ್‌ನಿಂದ ಕೈಯಾರೆ ಎತ್ತುತ್ತಾನೆ. ಇದನ್ನು ಬಿಡಬೇಡ ಎಂದು ನಾನು ಒತ್ತಿ ಹೇಳಿದ್ದೇನೆ. ಕಂಪ್ರೆಸರಿಗೆ ಅರ್ಥ ಗೊತ್ತಿಲ್ಲ, ಯಾವ ಪದ ಮುಖ್ಯ ಎಂದು ತಂಗಿಯ ಮಗನಿಗೆ ಗೊತ್ತು. ಅದಾದ ಮೇಲೆ ರಿಯಾಕಂಪ್, ಕೊನೆಗೆ ಲೌಡ್‌ನೆಸ್, ಅದರ ಮೇಲೆ ಮೈನಸ್ 3ಕ್ಕೆ ಲಿಮಿಟರ್, ಅಂದರೆ ದನಿ ಆ ಗಡಿ ದಾಟದಂತೆ ತಡೆಯುವುದು. ಮೋನೋ ಎಂಪಿ3, 64 ಕೆಬಿಪಿಎಸ್. ಒಂದು ಗಂಟೆಯ ಪಾಠ ಸುಮಾರು 29 ಎಂಬಿ ಆಗುತ್ತದೆ, ಹುಡುಗರ ಡೇಟಾ ಜಾಸ್ತಿ ತಿನ್ನುವುದಿಲ್ಲ.

ಪದ್ಯಗಳಿಗೆ ಮಾತ್ರ ಕಂಪ್ರೆಸರ್ ಬೇಡ ಎಂದಿದ್ದೇನೆ. ಅಕ್ಕೋರು ಹಳಗನ್ನಡ ಪದ್ಯವನ್ನು ರಾಗವಾಗಿ ಓದುತ್ತಾರೆ. ಅಲ್ಲಿ ದನಿ ಇಳಿಯುವುದು ಬೇಕೆಂದೇ ಇಳಿಯುವುದು. ಹುಡುಗರು ಪದ್ಯವನ್ನು ಒಂದೂವರೆ ವೇಗದಲ್ಲಿ ಕೇಳುವುದೂ ಇಲ್ಲವಂತೆ.

ದುಡ್ಡಿನ ಲೆಕ್ಕ ಹೀಗೆ. ಹಳೇ ರ‍್ಯಾಕ್ ಕಂಪ್ರೆಸರನ್ನು ಓಣಿಯ ಭಜನಾ ಮಂಡಳಿಯವರು 5,000ಕ್ಕೆ ತೆಗೆದುಕೊಂಡರು. ಅವರ ಮಿಕ್ಸರಿನಲ್ಲಿ ಇನ್ಸರ್ಟ್ ಇದೆ, ಹಾಗಾಗಿ ಅದು ಅಲ್ಲಿ ತನ್ನ ಜಾಗಕ್ಕೆ ಸರಿಯಾಗಿ ಸೇರಿತು. ನಾನೇ ಹೋಗಿ ಕೂಡಿಸಿ ಬಂದೆ, ಹಾಡುವವರು ಮೈಕಿಗೆ ಹತ್ತಿರ ಬಂದರೂ ದೂರ ಹೋದರೂ ಈಗ ದನಿ ಅಷ್ಟು ಏರುಪೇರಾಗುವುದಿಲ್ಲ. ಅಕ್ಕೋರು 1,800 ಕೊಟ್ಟು ಮೇಜಿಗೆ ಕಚ್ಚಿಸುವ ಮೈಕ್ ಸ್ಟ್ಯಾಂಡ್, 400ಕ್ಕೆ ‘ಪ’, ‘ಭ’ಗಳ ಗಾಳಿ ತಡೆಯುವ ಪಾಪ್ ಫಿಲ್ಟರ್, 3,800ಕ್ಕೆ ಹುಡುಗನಿಗೆ ಕಿವಿ ಮುಚ್ಚುವ ಹೆಡ್‌ಫೋನ್ ಕೊಂಡರು. ಕಂಪ್ರೆಸರಿಗೆ ಏನೂ ಇಲ್ಲ. ಹಳೇ ಮಷಿನ್ ಮಾರಿದ್ದರಲ್ಲಿ ಹೋದ 1,500 ಸೇರಿಸಿದರೂ ಹದಿನೈದು ಸಾವಿರದಲ್ಲಿ 7,500 ಉಳಿಯಿತು.

ಉಳಿದ ತೊಂದರೆಗಳೂ ಇವೆ. ನೆಗಡಿ ಆದ ದಿನ ದನಿಯ ಮಟ್ಟವೇ ಬೇರೆ, ಥ್ರೆಶೋಲ್ಡ್ ಅವತ್ತು ಮತ್ತೆ ನೋಡಬೇಕು. ದಸರಾ ಹೊತ್ತಿಗೆ ಮಗ್ಗಗಳು ಬೆಳಗಿನ ಜಾವವೇ ಶುರುವಾದವು, ಆ ಎರಡು ವಾರ ರೆಕಾರ್ಡಿಂಗ್ ನಡೆಯಲಿಲ್ಲ.

ಈ ವಾರ ಅರ್ಥಶಾಸ್ತ್ರ ಶುರುವಾಗಿದೆ. ಅದರಲ್ಲಿ ಅಂಕಿಗಳು ಜಾಸ್ತಿ, ಅಂಕಿ ಬಂದಾಗ ಅಕ್ಕೋರು ತಾವಾಗಿಯೇ ದನಿ ಎತ್ತುತ್ತಾರೆ, ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬರೆಯುತ್ತಾ ಹೇಳುತ್ತಿದ್ದ ಹಾಗೆ. ಮೊದಲ ಫೈಲು ಕೇಳಿ ಥ್ರೆಶೋಲ್ಡನ್ನು ಮೈನಸ್ 20ರಿಂದ ಮೈನಸ್ 18ಕ್ಕೆ ಏರಿಸು ಎಂದು ತಂಗಿಯ ಮಗನಿಗೆ ಮೆಸೇಜ್ ಹಾಕಿದೆ. ಅವನಿಂದ ಮರುಕ್ಷಣವೇ ಉತ್ತರ ಬಂತು: "ನಿನ್ನೆ ರಾತ್ರೀನಾ ಮಾಡೀನಿ ಅಣ್ಣಾ."